ಅಮ್ಮನ ತೋಟದ ಚೀಲ

ಲೋಗನ್, ಬ್ರಿಸ್ಬೇನ್
4 ಮಾರ್ಚ್ 2024

ಎಮೋಸಿ ಅಣ್ಣನಿಗೆ ಉನಾಯ್ಸಿಯ ನಮಸ್ಕಾರಗಳು.

ನೀವು ಕಳಿಸಿದ ಯಂಗೋನಾ ಬೇರು ತಲುಪಿತು. ಹನ್ನೆರಡು ಚೀಲಗಳಲ್ಲಿ ಐದನ್ನು ಇಲ್ಲಿ ಬಂದರಿನಲ್ಲೇ ತಡೆದರು. ಕಾರಣ ಬರೆಯುತ್ತೇನೆ. ದಯವಿಟ್ಟು ಕೊನೆಯವರೆಗೂ ಓದಿ, ಅರ್ಧಕ್ಕೇ ಮಡಚಿ ಒಲೆಯ ಪಕ್ಕ ಇಡಬೇಡಿ.

ನಾವು ಪುಡಿ ಮಾಡಿ ನೀರಿನಲ್ಲಿ ಕದಡಿ ಕುಡಿಯುವ ಯಂಗೋನಾ ಈ ದೇಶದ ಲೆಕ್ಕದಲ್ಲಿ ಈಗ ಆಹಾರ. ಸಿಪ್ಪೆ ತೆಗೆದ ಬೇರು ಮಾತ್ರ ಒಳಗೆ ಬರಬಹುದು. ಕಾಂಡ, ಎಲೆ, ಹೆರೆದ ಸಿಪ್ಪೆ ಇದ್ದರೆ ಆ ಚೀಲ ಪೂರ್ತಿ ಹೋಯಿತು. ನಿಮ್ಮ ಐದು ಚೀಲಗಳಲ್ಲಿ ಕಾಂಡದ ತುಂಡುಗಳಿದ್ದವು. ಒಂದರಲ್ಲಿ ಕೋಳಿಪುಕ್ಕ ಇತ್ತು. ಅಧಿಕಾರಿ ಅದನ್ನು ಚಿಮಟದಲ್ಲಿ ಎತ್ತಿ ಹಿಡಿದು ನನಗೆ ತೋರಿಸಿದ.

ಇನ್ನು ಮೇಲೆ ಬೇರನ್ನು ನೆಲದ ಮೇಲಾಗಲಿ ತಗಡಿನ ಮೇಲಾಗಲಿ ಒಣಗಿಸಬೇಡಿ. ಎತ್ತರದ ಅಟ್ಟ ಕಟ್ಟಿ, ಮೇಲೆ ಬಲೆ ಹಾಕಿ. ತೊಳೆಯುವ ನೀರು ಹರಿಯುವ ನೀರಾಗಿರಲಿ. ಆಮದಿನ ಪರವಾನಗಿ ನನ್ನ ಹೆಸರಿನಲ್ಲಿದೆ. ಅದು ಹೋದರೆ ನನ್ನ ಅಂಗಡಿ ಮುಚ್ಚುತ್ತದೆ, ನಮ್ಮ ವಾಯ್ಕೋರೊದವರ ಬೇರನ್ನು ಇಲ್ಲಿ ಕೇಳುವವರೂ ಇರುವುದಿಲ್ಲ. ಚಂಡಮಾರುತ ಎಲ್ಲ ಕಿತ್ತುಕೊಂಡು ಹೋದ ಮೇಲೆ ಊರಿನವರು ಮತ್ತೆ ನೆಟ್ಟು ಇಷ್ಟು ವರ್ಷ ಕಾದಿದ್ದಾರೆ. ಅದು ಕಾಂಡದ ತುಂಡಿನಿಂದ ಹಾಳಾಗುವುದು ಬೇಡ.

ನಿಮ್ಮ ಮಗಳು ಕೆಲೇರಾ ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಫೋನ್ ಮಾಡಿದಾಗಲೆಲ್ಲ ಇದನ್ನು ಹೇಳಿದ್ದೇನೆ. ಅವಳು ನಿಮಗೆ ಹೇಳಿಯೂ ಇದ್ದಾಳೆ. ಆದರೆ ಮಗಳ ಬಾಯಿಂದ ಬಂದದ್ದು ನಿಮಗೆ ಮಗಳ ಮಾತಷ್ಟೇ. ನಮ್ಮಲ್ಲಿ ದೊಡ್ಡವರಾದ ಅಣ್ಣ-ತಂಗಿ ಎದುರು ಕೂತು ಮಾತಾಡುವಂತಿಲ್ಲ, ಫೋನೂ ಎದುರು ಕೂತ ಹಾಗೆಯೇ ಅಂತ ನೀವೇ ತೀರ್ಮಾನ ಮಾಡಿದ್ದೀರಿ. ಹಾಗಾಗಿ ಕಾಗದ.

ಉನಾಯ್ಸಿ


ವಾಯ್ಕೋರೊ, ಕಂಡಾವು ದ್ವೀಪ
2 ಏಪ್ರಿಲ್ 2024

ಉನಾಯ್ಸಿ,

ನಿನ್ನ ಕಾಗದ ಬಂತು. ಕೊನೇವರೆಗೂ ಓದಿದೆ. ಆಮೇಲೆ ಒಲೆ ಪಕ್ಕ ಇಟ್ಟೆ.

ನಮ್ಮ ಅಜ್ಜ ತಗಡಿನ ಮೇಲೇ ಒಣಗಿಸ್ತಿದ್ದ. ಅದರ ಮೇಲೆ ಕೋಳಿ ಓಡಾಡ್ತಿತ್ತು, ನಾಯಿ ಮಲಗ್ತಿತ್ತು. ಬಾಯಲ್ಲಿ ಹಲ್ಲೆಲ್ಲ ಉದುರಿದ ಮೇಲೂ ದಿನಾ ಸಂಜೆ ಕುಡೀತಿದ್ದ. ಸತ್ತಿದ್ದು ತೆಂಗಿನ ಮರದಿಂದ ಬಿದ್ದು, ಯಂಗೋನಾ ಕುಡಿದಲ್ಲ. ಈಗ ಒಂದು ಪುಕ್ಕ ಸಿಕ್ಕಿದ್ದಕ್ಕೆ ಆಸ್ಟ್ರೇಲಿಯಾನೇ ಅಲ್ಲಾಡಿ ಹೋಯ್ತು ಅನ್ನೋ ಹಾಗೆ ಬರೆದಿದೀಯ. ಪುಕ್ಕ ನಮ್ಮ ಕೆಂಪು ಹುಂಜದ್ದೇ ಇರಬೇಕು. ಅದೂ ಪರವಾನಗಿ ತಗೊಂಡಿರಲಿಲ್ಲ.

ಇಲ್ಲಿ ನಿನ್ನ ಸೋದರಸೊಸೆ ಕೆಲೇರಾ ನೀನು ಹೇಳೋಕೆ ಮುಂಚೇನೇ ಬಿದಿರು ಕಡಿಸಿ ಸೊಂಟದೆತ್ತರ ಅಟ್ಟ ಕಟ್ಟಿಸಿದಾಳೆ. ಮೇಲೆ ನನ್ನ ಮೀನು ಬಲೆ ಹಾಸಿದಾಳೆ, ನನ್ನ ಕೇಳಲೂ ಇಲ್ಲ. ಕೋಳಿಗಳು ಕೆಳಗೆ ನಿಂತು ಕತ್ತೆತ್ತಿ ನೋಡ್ತವೆ, ಭಾನುವಾರ ಚರ್ಚಲ್ಲಿ ಪಾದ್ರಿನ ನಾವು ನೋಡೋ ಹಾಗೆ. ಬೇರು ಹೆರೆಯೋಕೆ ಬಂದ ಊರ ಯಜಮಾನನಿಗೇ "ತಾತಾ, ಕೈ ತೊಳ್ಕೊಂಡು ಮುಟ್ಟಿ" ಅಂದಳು. ಆತ ನನ್ನ ಮುಖ ನೋಡಿದ. ನಾನು ಸಮುದ್ರದ ಕಡೆ ನೋಡಿದೆ. ಪಾಪ, ಎದ್ದು ಹೋಗಿ ತೊಳ್ಕೊಂಡು ಬಂದ.

ದೊಡ್ಡ ಸರ್ಕಾರ ಲೋಗನ್‌ನಲ್ಲಿ, ಸಣ್ಣ ಸರ್ಕಾರ ನಮ್ಮನೇಲಿ. ಮಧ್ಯದಲ್ಲಿ ನಾನು ಬೇರು ಹೆರೆಯೋನು.

ಕಾಂಡ ಹಾಕಲ್ಲ, ಆಯ್ತು. ಇಲ್ಲಿ ಎಲ್ಲರೂ ತೂಕಕ್ಕೆ ಒಂದಿಷ್ಟು ಹಾಕ್ತಾರೆ, ನಾನೂ ಹಾಕಿದೆ. ಅಮ್ಮನ ತೋಟದ ಗಿಡ ಚೆನ್ನಾಗಿ ಬಂದಿವೆ. ಮುಂದಿನ ವರ್ಷದ ಶುರುವಿಗೆ ಕೀಳಬಹುದು. ಅದನ್ನ ಬೇರೆ ಯಾರಿಗೂ ಕೊಡಲ್ಲ, ನಿನಗೇ ಕಳಿಸ್ತೀನಿ.

ಎಮೋಸಿ


ಲೋಗನ್
11 ಜೂನ್ 2024

ಅಣ್ಣನಿಗೆ ನಮಸ್ಕಾರಗಳು.

ಈ ಸಲದ ಚೀಲಗಳು ತಡೆಯಿಲ್ಲದೆ ಬಂದವು. ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿತ್ತು. ಕೋಳಿಗಳ ವಿಷಯ ಓದಿದೆ.

ಇನ್ನೊಂದು ಕೆಲಸ ಆಗಬೇಕು. ಪ್ರತಿ ಚೀಲಕ್ಕೂ ಒಂದು ಚೀಟಿ ಹೊಲಿಯಿರಿ. ಯಾವ ತೋಟದ ಬೇರು, ಯಾವಾಗ ನೆಟ್ಟದ್ದು, ಯಾವಾಗ ಕಿತ್ತದ್ದು, ಯಾರು ಹೆರೆದದ್ದು, ಇಷ್ಟು ಇರಲಿ. ಯಾರಿಗಾದರೂ ಕುಡಿದು ಮೈಗೆ ಸರಿಬರದಿದ್ದರೆ ಅದು ಯಾವ ತೋಟದ್ದು ಅಂತ ನಾನು ಹೇಳಬೇಕಾಗುತ್ತದೆ. ಹೇಳಲಾಗದಿದ್ದರೆ ಎಲ್ಲ ತೋಟದ್ದನ್ನೂ ವಾಪಸ್ ಕರೆಸುತ್ತಾರೆ. ಒಬ್ಬನ ಮೈಗಳ್ಳತನಕ್ಕೆ ಊರೆಲ್ಲ ತಲೆಕೊಡುವ ಹಾಗಾಗುತ್ತದೆ. ಊರಿನವರಿಗೆ ಹೀಗೆ ಹೇಳಿದರೆ ಒಪ್ಪುತ್ತಾರೆ ಅನ್ನಿಸುತ್ತದೆ.

ಕೆಲೇರಾ ಮಾದರಿಗೆ ಒಂದು ಚೀಟಿ ಕಳಿಸಿದ್ದಾಳೆ. ಅವಳ ಕೆಲಸ ಅಚ್ಚುಕಟ್ಟು. ಇಲ್ಲಿ ಇದೇ ಕಸುಬಿನಲ್ಲಿ ಇರುವವರೂ ಅಷ್ಟು ಓರಣವಾಗಿ ಬರೆಯುವುದಿಲ್ಲ.

ಉನಾಯ್ಸಿ


ವಾಯ್ಕೋರೊ
15 ಸೆಪ್ಟೆಂಬರ್ 2024

ಉನಾಯ್ಸಿ,

ಪಕ್ಕದ ಊರಿನ ವಾಯ್ಸೇಯಾ ನೆನಪಿದಾನಾ? ಶಾಲೇಲಿ ನಿನ್ನ ಪೆನ್ಸಿಲ್ ಕದ್ದು, ಅದನ್ನ ನಿನಗೇ ಮಾರಿದೋನು. ಅವನು ಈಗ ಎಂಟು ಊರಿನ ಬೇರು ಕೊಂಡು ಹೊರದೇಶಕ್ಕೆ ಕಳಿಸ್ತಿದ್ದ. ಹೋದ ತಿಂಗಳು ಹಡಗು ಹತ್ತೋಕೆ ಮುಂಚೇನೇ ಅವನ ಸರಕು ಹಿಡಿದರು. ಕಾಂಡಾನ ನುಣ್ಣಗೆ ಪುಡಿ ಮಾಡಿ ಬೆರೆಸಿದ್ದನಂತೆ. ಯಾವ ಊರಿಂದ ಬಂದಿದ್ದರಲ್ಲಿ ಬೆರಕೆ ಅಂತ ಕೇಳಿದರೆ ಅವನಿಗೇ ಗೊತ್ತಿಲ್ಲ, ಎಲ್ಲಾನೂ ಒಂದೇ ರಾಶಿ ಹಾಕಿದ್ದ. ಹಾಗಾಗಿ ಎಂಟೂ ಊರಿಂದು ಹೋಯ್ತು. ಒಳ್ಳೇದು ಕೊಟ್ಟೋರದ್ದೂ ಹೋಯ್ತು. ಉಪ್ಪು ತಿಂದೋನು ನೀರು ಕುಡೀಬೇಕು ಸರಿ, ಇಲ್ಲಿ ಅವನು ತಿಂದ, ಎಂಟು ಊರು ಕುಡೀತು.

ಅವನ ಹತ್ತಿರ ಕೊಳ್ತಿದ್ದ ಸುವಾ ಪಟ್ಟಣದ ವ್ಯಾಪಾರಿ ನೇರವಾಗಿ ನಮ್ಮಲ್ಲಿಗೇ ದೋಣಿ ಮಾಡ್ಕೊಂಡು ಬಂದ. ಚೀಲದ ಮೇಲಿನ ಚೀಟಿ ಓದಿದ. ಬಿಚ್ಚಿ ನೋಡಿದ, ಮತ್ತೆ ಓದಿದ. "ಇದು ಯಾರು ಮಾಡಿಸಿದ್ದು?" ಅಂದ. "ನಮ್ಮ ಮನೆ ಪದ್ಧತಿ" ಅಂದೆ. ಕೆಲೇರಾ ಅಲ್ಲೇ ನಿಂತಿದ್ದಳು. ತಿರುಗಿ ನನ್ನ ನೋಡಿದಳು. ಆ ನೋಟ ನಿನ್ನದೇ, ಅಮ್ಮನ ಕಡೆಯಿಂದ ಬಂದಿದ್ದು.

ವ್ಯಾಪಾರಿಗೆ ಇಲ್ಲ ಅಂದೆ. ನಮ್ಮದು ತಂಗಿಗೆ ಹೋಗುತ್ತೆ ಅಂದೆ. ಆ ಎಂಟು ಊರಿನೋರು ಈಗ ನಮ್ಮ ಅಟ್ಟ ನೋಡೋಕೆ ಬರ್ತಿದಾರೆ. ಕೆಲೇರಾ ಎಲ್ಲರಿಗೂ ಹೇಳಿಕೊಡ್ತಾಳೆ, ಊರ ಯಜಮಾನ ಪಕ್ಕ ನಿಂತು "ಮೊದಲು ಕೈ ತೊಳ್ಕೊಳ್ಳಿ" ಅಂತಾನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಹಾಗೆ.

ನೀನು ಜೂನ್ ತಿಂಗಳಲ್ಲಿ ಅವಳ ಬಗ್ಗೆ ಬರೆದಿದ್ದನ್ನ ಓದಿದೆ. ಒಂದೆರಡು ಸಲ ಓದಿದೆ.

ನಿನ್ನ ಹತ್ತಿರ ಒಂದು ಕೇಳೋದಿದೆ. ಕಾಗದದಲ್ಲಿ ಬರೆದು ಕೇಳೋ ಅಂಥದ್ದಲ್ಲ. ಕೇಳೋ ರೀತೀಲೇ ಕೇಳ್ತೀನಿ.

ಎಮೋಸಿ


ಲೋಗನ್
20 ನವೆಂಬರ್ 2024

ಅಣ್ಣನಿಗೆ ನಮಸ್ಕಾರಗಳು.

ಇಲ್ಲಿ ಊರೂರಿಗೂ ಅಂಗಡಿ ಇಟ್ಟಿರುವ ಒಂದು ಕಂಪನಿ ನಮ್ಮ ಬೇರನ್ನು ಮಾರುತ್ತೇನೆ ಅನ್ನುತ್ತಿದೆ. ಅವರು ಬಂದದ್ದು ಚೀಟಿಗಳನ್ನು ನೋಡಿ. ಬೇರಿನ ರುಚಿ ಅವರಿಗೆ ಗೊತ್ತಾಗುವುದಿಲ್ಲ, ಕಾಗದಪತ್ರದ ರುಚಿ ಗೊತ್ತಾಗುತ್ತದೆ. ಮೊದಲ ಸರಕು ನೋಡಿಕೊಂಡು ಮುಂದಿನ ಮಾತು ಅಂದಿದ್ದಾರೆ. ಅಮ್ಮನ ತೋಟದ್ದನ್ನೇ ಮೊದಲು ಕಳಿಸಿ, ಜೊತೆಗೆ ಊರಿನ ಉಳಿದ ತೋಟದ್ದು. ಇದು ಸರಿಹೋದರೆ ವಾಯ್ಕೋರೊ ಒಂದೇ ಅಲ್ಲ, ಆ ಎಂಟು ಊರಿನ ಬೇರಿಗೂ ದಾರಿ ಆಗುತ್ತದೆ.

ಹೀಗಾಗಿ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಚೀಲದಲ್ಲಿ ಬೇರು ಬಿಟ್ಟು ಬೇರೆ ಯಾವ ಸಾಮಾನೂ ಇರಕೂಡದು. ನನ್ನ ಹೆಸರಿನಲ್ಲಿ ಮೊದಲೊಂದು ಎಚ್ಚರಿಕೆ ದಾಖಲಾಗಿದೆ, ಆ ಐದು ಚೀಲದ್ದು. ಇನ್ನೊಂದು ಆದರೆ ಪರವಾನಗಿ ಉಳಿಯುವುದಿಲ್ಲ.

ನೀವು ಏನೋ ಕೇಳಬೇಕು ಅಂದಿರಿ. ಊರಿಗೆ ವಾಪಸ್ ಬಂದುಬಿಡು ಅನ್ನುವುದಾದರೆ ದಯವಿಟ್ಟು ಕೇಳಬೇಡಿ. ಅಮ್ಮ ತೀರಿಕೊಂಡ ವರ್ಷವೂ ಎಲ್ಲರೂ ಅದನ್ನೇ ಕೇಳಿದರು. ನಾನು ಇಲ್ಲಿ ಹತ್ತೊಂಬತ್ತು ವರ್ಷ ಇದ್ದು ಕಟ್ಟಿಕೊಂಡದ್ದು ಈ ಅಂಗಡಿ ಒಂದೇ.

ಉನಾಯ್ಸಿ


ವಾಯ್ಕೋರೊ
8 ಫೆಬ್ರವರಿ 2025

ಉನಾಯ್ಸಿ,

ಅಮ್ಮನ ತೋಟ ಕಿತ್ತಾಯ್ತು. ಊರಿನ ಹೆಂಗಸರೆಲ್ಲ ಬಂದು ಹೆರೆದರು. ಮರಗೆಣಸು ಬೇಯಿಸಿ, ತೆಂಗಿನ ಹಾಲಲ್ಲಿ ಮೀನು ಮಾಡಿದ್ವಿ. ಬೇರು ಬೆಳ್ಳಗೆ ಒಣಗಿದೆ, ನೋಡಿದರೆ ನಿನಗೇ ಗೊತ್ತಾಗುತ್ತೆ. ಕೆಲೇರಾ ಒಂದೊಂದು ಚೀಲಾನೂ ಹೊಲಿದು ಚೀಟಿ ಹಾಕಿದಳು. ಮಂಗಳವಾರದ ದೋಣಿಗೆ ಸುವಾಕ್ಕೆ ಹೋಯ್ತು. ಅಲ್ಲಿ ಮೇಲಿನ ಎರಡು ಚೀಲ ನೋಡಿ ಬಿಟ್ಟರಂತೆ. ವಾಯ್ಕೋರೊದ ಹೆಸರಿಗೆ ಈಗ ಅಷ್ಟು ಮರ್ಯಾದೆ ಬಂದಿದೆ.

ಈಗ ಕೇಳು. ಅಮ್ಮನ ತೋಟದ್ದು ಅಂತ ಚೀಟಿ ಇರೋ ಚೀಲಗಳಲ್ಲಿ ನೀಲಿ ದಾರ ಕಟ್ಟಿರೋದು ಒಂದಿದೆ. ಅದನ್ನ ನೀನೇ ಬಿಚ್ಚು, ಕೆಲಸದೋರ ಕೈಲಿ ಬಿಚ್ಚಿಸಬೇಡ. ಮಧ್ಯದಲ್ಲಿ ತೊಗಟೆ ಬಟ್ಟೇಲಿ ಸುತ್ತಿ ನಮ್ಮ ಮನೆಯ ತಂಬುವಾ ಇಟ್ಟಿದೀನಿ. ಅಜ್ಜನ ಕಾಲದ್ದು, ಅವನ ಕೈ ಎಣ್ಣೆ ಕುಡಿದು ಕೆಂಪಗಾಗಿರೋ ಆ ತಿಮಿಂಗಿಲದ ಹಲ್ಲು. ನಾರಿನ ಹಗ್ಗ ಹಳೇದಾಗಿತ್ತು, ಹೊಸದು ಹೆಣೆದು ಕಟ್ಟಿದೀನಿ.

ನೀನು ಬೇರು ಬಿಟ್ಟು ಬೇರೆ ಸಾಮಾನು ಇರಬಾರದು ಅಂದಿದ್ದೆ, ಮರೆತಿಲ್ಲ. ತಂಬುವಾ ಸಾಮಾನಲ್ಲ. ಅದನ್ನ ಯಾರೂ ಮಾರಲ್ಲ, ಯಾರೂ ಕೊಳ್ಳಲ್ಲ, ತಿನ್ನಲ್ಲ, ಕುಡಿಯಲ್ಲ. ದೊಡ್ಡದು ಕೇಳೋವಾಗ ಮುಂದೆ ಇಡ್ತೀವಿ, ಅದು ಮಾತಿನ ಹಾಗೆ. ಮಾತಿಗೆ ಯಾವ ಬಂದರಲ್ಲೂ ತಡೆ ಇಲ್ಲ.

ನಿನ್ನ ಮುಂದೆ ಕೂತು ನನ್ನ ಪರವಾಗಿ ಮಾತಾಡೋ ಹಿರಿಯರು ಲೋಗನ್‌ನಲ್ಲಿ ಯಾರಿದಾರೆ? ಇದ್ದರೂ ನನಗೆ ಗೊತ್ತಿಲ್ಲ. ಅದಕ್ಕೇ ಹಲ್ಲು ಮೊದಲು ಬರ್ತಿದೆ. ನೀನು ಅದನ್ನ ತಗೊಂಡೆ ಅಂತ ತಿಳಿದ ಮೇಲೆ ಏನು ಕೇಳಿದ್ದು ಅನ್ನೋದನ್ನ ಬರೀತೀನಿ. ತಗೊಳ್ಳೋದು ಬಿಡೋದು ನಿನ್ನ ಇಷ್ಟ. ತಗೊಂಡರೆ ಕೇಳಿದ್ದು ಕೊಟ್ಟ ಹಾಗೆ, ಅದು ನಿನಗೂ ಗೊತ್ತು.

ಕೆಲೇರಾಗೆ ಹೇಳಿಲ್ಲ. ಹೇಳಿದ್ದರೆ ಹೊಲಿಗೆ ಬಿಚ್ಚಿಸ್ತಿದ್ದಳು.

ಎಮೋಸಿ


ಲೋಗನ್
24 ಫೆಬ್ರವರಿ 2025

ಅಣ್ಣನಿಗೆ,

ನಿಮ್ಮ ಕಾಗದ ಶುಕ್ರವಾರ ಬಂತು. ಹಡಗು ಇನ್ನೂ ಸಮುದ್ರದಲ್ಲಿತ್ತು.

ತಿಮಿಂಗಿಲದ ಹಲ್ಲನ್ನು ಒಂದು ದೇಶದಿಂದ ಇನ್ನೊಂದಕ್ಕೆ ತರಬೇಕಾದರೆ ಎರಡೂ ದೇಶದ ಒಪ್ಪಿಗೆ ಪತ್ರ ಬೇಕು. ಹಲ್ಲು ಮಾರಾಟಕ್ಕೋ ಮರ್ಯಾದೆಗೋ ಅಂತ ಕೇಳಿ ಬಿಡುವ ಕಾನೂನು ಅಲ್ಲ ಅದು. ನಮ್ಮ ಹತ್ತಿರ ಒಂದು ಪತ್ರವೂ ಇಲ್ಲ. ಸರಕಿನಲ್ಲಿ ಬೇರು ಬಿಟ್ಟು ಬೇರೇನೂ ಇಲ್ಲ ಅಂತ ನಾನು ಸಹಿ ಮಾಡಿಯಾಗಿತ್ತು.

ಸೋಮವಾರ ಬೆಳಿಗ್ಗೆ, ಅಂದರೆ ಇವತ್ತು, ನಾನೇ ಬಂದರಿನ ಅಧಿಕಾರಿಗಳ ಹತ್ತಿರ ಹೋಗಿ ಹೇಳಿದೆ. ಯಾವ ಚೀಲ, ಯಾವ ಬಣ್ಣದ ದಾರ, ಎಲ್ಲ ಹೇಳಿದೆ. ಸರಕು ಪೂರ್ತಿ ತಡೆಹಿಡಿಯುತ್ತಾರೆ. ಹಲ್ಲನ್ನು ಮುಟ್ಟುಗೋಲು ಹಾಕಿಕೊಳ್ಳುತ್ತಾರೆ. ಅಂಗಡಿ ಕಂಪನಿಯವರಿಗೂ ಹೇಳಿದೆ. ಅವರು ನೋಡೋಣ ಅಂದರು. ನನ್ನ ಪರವಾನಗಿಯ ವಿಚಾರ ಏನಾಗುತ್ತದೋ ತಿಳಿಯದು.

ನವೆಂಬರ್‌ನಲ್ಲಿ ನಾನು ಬರೆದದ್ದು ಅರ್ಥವಾಗದ ಮಾತಾಗಿರಲಿಲ್ಲ.

ಕೆಲೇರಾಗೆ ಫೋನ್‌ನಲ್ಲಿ ತಿಳಿಸಿದ್ದೇನೆ. ಮುಂದಿನದನ್ನು ತಿಳಿಯುವವರೆಗೆ ಏನನ್ನೂ ಕಳಿಸಬೇಡಿ.

ಉನಾಯ್ಸಿ


ವಾಯ್ಕೋರೊ
19 ಮಾರ್ಚ್ 2025

ಶ್ರೀಮತಿ ಉನಾಯ್ಸಿ ಅವರಿಗೆ,

ತಮ್ಮ ಪತ್ರ ತಲುಪಿತು.

ತಂಬುವಾನ ಬೇಡ ಅನ್ನೋದು ನಮ್ಮಲ್ಲಿ ಇದೆ. ಮುಂದೆ ಇಟ್ಟಿದ್ದನ್ನ ಮುಟ್ಟದೆ ಹಿಂದಕ್ಕೆ ಸರಿಸ್ತಾರೆ, ಕೊಟ್ಟವನು ತಲೆ ತಗ್ಗಿಸಿ ಎದ್ದು ಹೋಗ್ತಾನೆ. ಅದಕ್ಕೂ ಒಂದು ಮರ್ಯಾದೆ ಇದೆ. ಆದರೆ ಅಣ್ಣ ಇಟ್ಟಿದ್ದನ್ನ ಬಿಚ್ಚಿ ಕೂಡ ನೋಡದೆ ಸರ್ಕಾರದೋರ ಹತ್ತಿರ ಹೋಗಿ ಹೇಳೋದನ್ನ ನಾನು ಕೇಳಿರಲಿಲ್ಲ. ಈ ಊರಲ್ಲಿ ಯಾರೂ ಕೇಳಿರಲಿಲ್ಲ, ಈಗ ಎಲ್ಲರೂ ಕೇಳಿದಾರೆ.

ಕುಲದ ಹಿರಿಯರು ಮನೆಗೆ ಬಂದಿದ್ದರು. ಹಲ್ಲು ನಮ್ಮ ಮನೇದು, ನಾನು ಕೊಟ್ಟೆ, ಜವಾಬ್ದಾರಿ ನನ್ನದು ಅಂದೆ. ಶ್ರೀಮತಿಯವರ ಬಗ್ಗೆ ಅವರು ಏನೂ ಅನ್ನಲಿಲ್ಲ. ಬೇರು ಏನಾಯ್ತು ಅಂತ ಮಾತ್ರ ಕೇಳಿದರು. ಗೊತ್ತಿಲ್ಲ ಅಂದೆ. ಊರಿನೋರ ಐದು ವರ್ಷದ ಗೇಮೆ ನನ್ನಿಂದ ನಿಂತು ಹೋಗಿದೆ ಅನ್ನೋದು ನನಗೆ ಗೊತ್ತಾಗದೆ ಇಲ್ಲ. ಸಂಜೆ ಹೊತ್ತು ಯಂಗೋನಾ ಬಟ್ಟಲು ನನ್ನ ಕಡೆ ಬಂದಾಗ ಎಲ್ಲರೂ ಮಾತು ನಿಲ್ಲಿಸ್ತಾರೆ.

ಕೆಲೇರಾ ನನ್ನ ಹತ್ತಿರ ಮಾತು ಬಿಟ್ಟಿದಾಳೆ. ಊಟಕ್ಕೆ ಇಡ್ತಾಳೆ, ಹೋಗ್ತಾಳೆ.

ಹಲ್ಲು ಹೋಯ್ತು. ಕೇಳಬೇಕಾಗಿದ್ದೂ ಅದರ ಜೊತೆ ಹೋಯ್ತು. ಇನ್ನು ಬರೆಯೋದು ಏನೂ ಇಲ್ಲ.

ಎಮೋಸಿ


ಲೋಗನ್
21 ಜುಲೈ 2025

ಅಣ್ಣಾ,

ಇಷ್ಟು ದಿನ ಬರೆಯಲಿಲ್ಲ. ಬರೆದು ಹರಿದು ಹಾಕಿದ್ದೇ ಹೆಚ್ಚು.

ಸರಕಿನ ವಿಷಯ ಕೆಲೇರಾಗೆ ಫೋನಲ್ಲಿ ಹೇಳಿದ್ದೇನೆ, ನಿಮಗೂ ಬರೆಯಬೇಕು. ಎಲ್ಲ ಚೀಲಾನೂ ಬಿಚ್ಚಿದರು, ಒಂದನ್ನೂ ಬಿಡಲಿಲ್ಲ. ಚೀಟೀಲಿ ಬರೆದದ್ದಕ್ಕೂ ಒಳಗೆ ಇದ್ದದ್ದಕ್ಕೂ ಒಂದು ಕಡ್ಡಿ ವ್ಯತ್ಯಾಸ ಸಿಗಲಿಲ್ಲ, ಆ ನೀಲಿ ದಾರದ್ದು ಬಿಟ್ಟರೆ. ಅದನ್ನ ನಾನೇ ಮೊದಲು ಹೇಳಿದ್ದೆ ಅನ್ನೋದು ಅವರ ದಾಖಲೇಲಿ ಇತ್ತು. ಹಡಗು ಬಂದ ಮೇಲೆ ಅವರಾಗೇ ಕಂಡುಹಿಡಿದಿದ್ದರೆ ನಾನು ಇವತ್ತು ಈ ಕಾಗದವನ್ನ ಅಂಗಡಿಯ ಬಾಗಿಲು ಹಾಕಿಕೊಂಡು ಬರೀತಿದ್ದೆ. ವಿಚಾರಣೆ ಮೂರು ತಿಂಗಳು ನಡೀತು. ಕೊನೆಗೆ ಬೇರು ಬಿಟ್ಟರು. ಪರವಾನಗಿ ಉಳೀತು.

ಆ ಅಂಗಡಿ ಕಂಪನಿಯವನು ಏನಂದ ಗೊತ್ತಾ? "ಸರಕಲ್ಲಿ ತಪ್ಪು ಎಲ್ಲರದ್ದೂ ಆಗುತ್ತೆ. ನಮಗೆ ಹೇಳೋರು ಕಮ್ಮಿ. ನಿಮ್ಮ ಹತ್ತಿರ ಕೊಂಡರೆ ಮನೇಲಿ ನೆಮ್ಮದಿಯಾಗಿ ಕೂತ್ಕೋಬಹುದು" ಅಂದ. ವಾಯ್ಕೋರೊದ್ದು ಪೂರ್ತಿ ತಗೊಳ್ತಾನೆ. ಮುಂದಿನ ವರ್ಷದಿಂದ ಆ ಎಂಟು ಊರಿಂದೂ ಬೇಕಂತೆ, ಇದೇ ಚೀಟಿ ಇದೇ ಅಟ್ಟ ಇದ್ದರೆ. ಊರ ಯಜಮಾನರಿಗೆ ಹೇಳಿ.

ಇದನ್ನೆಲ್ಲ ಫೋನಲ್ಲೇ ಮುಗಿಸಬಹುದಿತ್ತು. ಈ ಕಾಗದ ಬೇರೆ ಒಂದಕ್ಕೆ.

ಹಲ್ಲನ್ನ ಬಿಟ್ಟುಕೊಟ್ಟೆ ಅಂತ ಸಹಿ ಹಾಕೋಕೆ ಮಾರ್ಚ್ ತಿಂಗಳಲ್ಲೇ ನನ್ನನ್ನ ಕರೆದಿದ್ದರು. ನಿಮ್ಮ 'ಶ್ರೀಮತಿ' ಕಾಗದ ಬಂದಿದ್ದು ಅದಾದ ಮೇಲೆ. ಬರೆಯೋಕೆ ಕೋಪ ಅಡ್ಡ ಬಂತು, ನಿಮಗೂ ಇತ್ತು, ನನಗೂ ಇತ್ತು. ನಾನು ಬಿಚ್ಚಿಯೂ ನೋಡಲಿಲ್ಲ ಅಂತ ನೀವು ಬರೆದಿರಿ. ನಡೆದದ್ದು ಬೇರೆ.

ಅದು ಸರ್ಕಾರಿ ಕಚೇರಿ. ಮುಂದೆ ಉದ್ದ ಕೌಂಟರು, ಹಿಂದೆ ಸಾಲು. ಕೌಂಟರಿನ ಹೆಂಗಸು ಕೈಗೆ ರಬ್ಬರ್ ಗವಸು ಹಾಕ್ಕೊಂಡು ಒಂದು ಪ್ಲಾಸ್ಟಿಕ್ ತಟ್ಟೇಲಿ ತಂದಿಟ್ಟಳು. ತೊಗಟೆ ಬಟ್ಟೆ ಪಕ್ಕದಲ್ಲಿ ಮಡಚಿ ಇಟ್ಟಿದ್ದರು. ಹಗ್ಗ ಹೊಸದಾಗಿ ಹೆಣೆದದ್ದು ಕಾಣ್ತಿತ್ತು. ನಿಮ್ಮ ಗಂಟು ನನಗೆ ಗೊತ್ತು, ದೋಣಿ ಕಟ್ಟೋಕೂ ಅದೇ ಗಂಟು ಹಾಕ್ತೀರಿ.

"ಸಹಿ ಹಾಕೋ ಮುಂಚೆ ಇದನ್ನ ಒಂದು ಸಲ ಕೈಗೆ ತಗೊಳ್ಳಬಹುದಾ?" ಅಂತ ಕೇಳಿದೆ.

"ಹೊರಗೆ ತಗೊಂಡು ಹೋಗೋ ಹಾಗಿಲ್ಲಮ್ಮ."

"ಹೊರಗೆ ಬೇಡ. ಇಲ್ಲೇ, ನೆಲದ ಮೇಲೆ."

ಅವಳು ನನ್ನನ್ನ ನೋಡಿದಳು. ಆಮೇಲೆ ಕೌಂಟರಿನ ಪಕ್ಕದ ಬಾಗಿಲು ತೆಗೆದು, ತಟ್ಟೆ ಹಿಡಿದುಕೊಂಡು ಈಚೆ ಬಂದಳು. "ನಾನು ಇಲ್ಲೇ ನಿಂತಿರಬೇಕಾಗುತ್ತೆ" ಅಂದಳು. ನಿಂತಿರು ಅಂದೆ.

ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತೆ. ಹಿಂದಿನ ಸಾಲಲ್ಲಿದ್ದ ಒಬ್ಬ, ಮರದ ಕುರ್ಚಿ ಆಮದಿನ ಕಾಗದ ಹಿಡ್ಕೊಂಡಿದ್ದವನು, ನಾನು ತಲೆ ತಿರುಗಿ ಬಿದ್ದೆ ಅಂದುಕೊಂಡು ನೀರು ತರೋಕೆ ಓಡಿದ. ಹಲ್ಲನ್ನ ಎರಡೂ ಕೈಯಲ್ಲಿ ತಗೊಂಡೆ. ತಂಬುವಾ ತಗೊಳ್ಳೋವಾಗ ನಮ್ಮಲ್ಲಿ ಗಂಡಸರು ಹೇಳೋ ಮಾತು ನನಗೆ ಪೂರ್ತಿ ಬರಲ್ಲ. ಬಂದಷ್ಟು ಹೇಳಿದೆ. ನಮ್ಮ ಮನೆಯಿಂದ ಬಂದದ್ದನ್ನ ತಗೊಂಡಿದ್ದೇನೆ, ನಮ್ಮ ತೋಟ ಬೆಳೀಲಿ, ನಮ್ಮೋರು ಬಾಳಲಿ, ಕೇಳಿದ್ದು ಆಗಲಿ ಅಂದೆ. ಬೊಗಸೆ ಮಾಡಿ ಚಪ್ಪಾಳೆ ತಟ್ಟಿದೆ. ಆ ಕಚೇರೀಲಿ ಸದ್ದು ತುಂಬಾ ದೊಡ್ಡದಾಗಿ ಕೇಳಿಸ್ತು. ಆಮೇಲೆ ಎದ್ದು ಹಲ್ಲನ್ನ ತಟ್ಟೇಲಿ ಇಟ್ಟು ಸಹಿ ಹಾಕಿದೆ. ಅತ್ತುಬಿಟ್ಟೆ ಅಣ್ಣಾ, ಸುಳ್ಳು ಯಾಕೆ ಹೇಳಲಿ. ಕುರ್ಚಿಯವನು ತಂದ ನೀರು ಕುಡಿದೆ.

ಹಲ್ಲು ಈಗ ಆ ಕಚೇರಿಯ ಗಾಜಿನ ಬೀರುವಿನಲ್ಲಿದೆ, ಜನರು ತರಬಾರದ್ದನ್ನ ತಂದು ಕಳ್ಕೊಂಡದ್ದೆಲ್ಲ ಇಟ್ಟಿರೋ ಬೀರು. ಒಂದು ಕಡೆ ಹಾವಿನ ಚರ್ಮದ ಬೂಟು, ಇನ್ನೊಂದು ಕಡೆ ಆಮೆ ಚಿಪ್ಪು. ಪ್ರತಿ ಸರಕಿಗೂ ಕಾಗದ ಕೊಡೋಕೆ ನಾನು ಅಲ್ಲಿಗೇ ಹೋಗಬೇಕು. ಹೋದಾಗಲೆಲ್ಲ ನೋಡ್ತೀನಿ.

ನೀವು ಏನು ಕೇಳಿದಿರಿ ಅಂತ ನನಗೆ ಗೊತ್ತಿಲ್ಲ. ಆದರೆ ತಗೊಂಡಿದ್ದೇನೆ, ಹಾಗಾಗಿ ಕೊಟ್ಟಿದ್ದೇನೆ. ವಾಪಸ್ ಬಾ ಅಂತ ಕೇಳಿದ್ದರೆ, ಈ ಸರಕು ಮುಗಿಸಿ ಅಂಗಡಿ ಯಾರಿಗಾದರೂ ಒಪ್ಪಿಸಿ ಬರ್ತೀನಿ. ಈಗ ಬರೀರಿ.

ಉನಾಯ್ಸಿ


ವಾಯ್ಕೋರೊ
30 ಸೆಪ್ಟೆಂಬರ್ 2025

ತಂಗೀ,

ನಿನ್ನ ಕಾಗದಾನ ಊರ ಯಜಮಾನನಿಗೆ ಓದಿ ಹೇಳಿದೆ. ಎಂಟು ಊರಿನ ಮಾತು ಬಂದಾಗ ಆತ ತಲೆ ಆಡಿಸಿದ. ನೀನು ಕಚೇರಿ ನೆಲದ ಮೇಲೆ ಕೂತಿದ್ದು ಬಂದಾಗ "ನಿಲ್ಲಿಸು" ಅಂದ. ಎದ್ದು ಹೋಗಿ ಹಿರಿಯರನ್ನೆಲ್ಲ ಕರ್ಕೊಂಡು ಬಂದ. ಮೊದಲಿಂದ ಓದಿಸಿದ. ಓದಿ ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು, ಇಲ್ಲಿಂದಾನೇ. ಕುಲದೋರು ಇನ್ನು ಹಲ್ಲಿನ ಮಾತು ಎತ್ತಲ್ಲ. ಅದು ಇರಬೇಕಾದ ಕೈಗೆ ಹೋಗಿ ಆಮೇಲೆ ಎಲ್ಲಿಗೆ ಹೋದರೂ ಹೋಗಲಿ ಅಂದರು. ಸಂಜೆ ಬಟ್ಟಲು ನನ್ನ ಕಡೆ ಬಂದಾಗ ಯಾರೂ ಮಾತು ನಿಲ್ಲಿಸಲಿಲ್ಲ.

ವಾಪಸ್ ಬಾ ಅಂತ ನಾನು ಕೇಳಿರಲಿಲ್ಲ. ನೀನು ಬಂದರೆ ನಮ್ಮ ಬೇರನ್ನ ಅಲ್ಲಿ ಬಂದರಲ್ಲಿ ಬಿಡಿಸ್ಕೊಳ್ಳೋರು ಯಾರು? ಅಂಗಡಿ ಒಪ್ಪಿಸೋ ಮಾತು ಬಿಡು.

ಕೇಳಿದ್ದು ಕೆಲೇರಾ ವಿಷಯ. ಅವಳನ್ನ ನಿನ್ನ ಹತ್ತಿರ ಇಟ್ಕೊಂಡು ಈ ಕಸುಬು ಕಲಿಸು ಅಂತ. ಈ ಚೀಟಿ, ಈ ಪರವಾನಗಿ, ಯಾವ ಕಾನೂನು ಯಾವಾಗ ಬದಲಾಗುತ್ತೆ, ಯಾರ ಹತ್ತಿರ ಹೋಗಿ ಏನು ಹೇಳಬೇಕು, ಎಲ್ಲಾ. ನಾನು ಗೇಲಿ ಮಾಡಿದ್ದೆಲ್ಲ ಇದನ್ನೇ ಅಂತ ನನಗೂ ಗೊತ್ತು. ಅದಕ್ಕೇ ಬಾಯಿಂದ ಕೇಳೋಕೆ ಆಗಲಿಲ್ಲ. ಕೋಳಿಪುಕ್ಕದ ಬಗ್ಗೆ ಅಷ್ಟು ಬರೆದ ಕೈಯಲ್ಲೇ ಇದನ್ನ ಬರೆದರೆ ನೀನು ನಗ್ತೀಯ ಅನ್ನಿಸ್ತು. ಮನೇಲಿದ್ದ ದೊಡ್ಡದನ್ನ ಇಟ್ಟು ಕೇಳಿದರೆ ನಗಲ್ಲ ಅಂದುಕೊಂಡೆ. ಅದು ಇಷ್ಟೆಲ್ಲ ಮಾಡುತ್ತೆ ಅಂತ ಗೊತ್ತಿರಲಿಲ್ಲ.

ಒಬ್ಬಳೇ ಮಗಳು. ಅವಳಮ್ಮ ಹೋದ ಮೇಲೆ ಈ ಮನೇಲಿ ದೀಪ ಹಚ್ಚೋಳು ಅವಳೇ. ಕಳಿಸೋಕೆ ನನಗೆ ಇಷ್ಟ ಇಲ್ಲ, ನೇರವಾಗಿ ಹೇಳ್ತಿದೀನಿ. ಆದರೆ ವಾಯ್ಸೇಯಾನ ಸರಕು ಹೋದ ದಿನ ಆ ಎಂಟು ಊರಿನೋರ ಮುಖ ನೋಡಿದೀನಿ. ನಮ್ಮೋರಲ್ಲಿ ಇದನ್ನ ತಿಳಿದೋರು ಒಬ್ಬರಿರಬೇಕು, ನಿನ್ನ ಕಾಲ ಆದ ಮೇಲೂ. ನಿನಗೂ ವಯಸ್ಸಾಗ್ತಿದೆ, ಕನ್ನಡಕ ಬಂದಿದೆಯಂತೆ.

ನೀನು ತಗೊಂಡಾಗಿದೆ, ಇನ್ನು ಇಲ್ಲ ಅನ್ನೋ ಹಾಗಿಲ್ಲ.

ಅವಳಿಗೆ ಈ ವಿಷಯ ಹೇಳಿದ ದಿನ ಮತ್ತೆ ನನ್ನ ಹತ್ತಿರ ಮಾತು ಶುರು ಮಾಡಿದಳು. ಮೊದಲನೇ ಮಾತು, "ಅಪ್ಪಾ, ಮುಂದಿನ ಸಲ ನನ್ನ ಕೇಳು, ಅರ್ಜಿ ಹಾಕಿ ಕಳಿಸಬಹುದು" ಅಂತ. ಅವಳ ಕಾಗದಪತ್ರವೆಲ್ಲ ತಯಾರಿದೆ, ಅವಳೇ ಮಾಡ್ಕೊಂಡಳು. ಬರೋ ಮಂಗಳವಾರದ ದೋಣಿಗೆ ಹೊರಡ್ತಾಳೆ. ಈ ಕಾಗದ ಅವಳ ಕೈಯಲ್ಲೇ ಬರುತ್ತೆ.

ನಿನ್ನೆ ಪೆಟ್ಟಿಗೆ ಕಟ್ಟಿದಳು. ಕಟ್ಟಿ ಬೀಗ ಹಾಕಿ, ಮತ್ತೆ ಬಿಚ್ಚಿ, ಒಂದೊಂದು ಬಟ್ಟೇನೂ ಕೊಡವಿ ನೋಡಿದಳು. ಊಟ ಆದ ಮೇಲೆ ಇನ್ನೊಂದು ಸಲ ಬಿಚ್ಚಿದಳು. ಯಾಕಮ್ಮಾ ಅಂದರೆ, ಅಪ್ಪ ಏನಾದರೂ ಇಟ್ಟಿರಬಹುದು ಅಂತಾಳೆ.

ಏನೂ ಇಟ್ಟಿರಲಿಲ್ಲ. ಇಡೋಕೆ ಮನೇಲಿ ಇನ್ನೇನು ಉಳಿದಿದೆ ಉನಾಯ್ಸಿ, ಅವಳನ್ನೇ ಕಳಿಸ್ತಿದೀನಲ್ಲ.

ಎಮೋಸಿ ಅಣ್ಣ